ಸರ್ಚ್ ಸರ್ವರ್‌ಗೆ ವಿಎಂ ಸಾಕೇ, ಇಡೀ ಯಂತ್ರವೇ ಬೇಕೇ?

ಬಿಟಿಎಂ ಲೇಔಟ್, ಜೆ.ಪಿ. ನಗರ, ಬನಶಂಕರಿ ಕಡೆ ಮನೆಯೊಂದರ ಮೊದಲ ಮಹಡಿಯನ್ನೇ ಬಾಡಿಗೆಗೆ ಹಿಡಿದು ನಡೆಯುವ ಸಾಫ್ಟ್‌ವೇರ್ ಕಂಪನಿಗಳು ಎಷ್ಟೋ ಇವೆ. ಔಷಧದಂಗಡಿಗೆ ಆ್ಯಪ್ ಮಾಡಿಕೊಡುವವರು, ಪುಸ್ತಕ ಮಾರುವವರು, ಕೋರ್ಟ್ ತೀರ್ಪುಗಳನ್ನು ಹುಡುಕಿ ಕೊಡುವವರು. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಇದೇ ತಲೆನೋವು ಶುರುವಾಗುತ್ತದೆ. ಹುಡುಕಾಟ ನಿಧಾನ ಎಂದು ಗ್ರಾಹಕರು ದೂರುತ್ತಾರೆ, ಇತ್ತ ಕ್ಲೌಡ್ ಬಿಲ್ ತಿಂಗಳಿಂದ ತಿಂಗಳಿಗೆ ಏರುತ್ತದೆ. “ಈ ವಿಎಂ ಸಹವಾಸ ಸಾಕು, ಸ್ವಂತ ಸರ್ವರ್ ತಗೊಂಡುಬಿಡೋಣ” ಎಂದು ಒಬ್ಬರು ಹೇಳಿದರೆ, “ಈ ಕಾಲದಲ್ಲಿ ಸರ್ವರ್ ಯಾರ್ರೀ ಕೊಳ್ತಾರೆ?” ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಅಳತೆ ಇರುವುದಿಲ್ಲ.

ಆ ಅಳತೆಯನ್ನು ಹೇಗೆ ತೆಗೆಯುವುದು, ಯಾವುದನ್ನು ಮೊದಲು ನೋಡಬೇಕು ಎಂಬುದೇ ಇಲ್ಲಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಚುಯಲ್ ಮಷೀನ್ (ವಿಎಂ) ಎಂಬ ಪದರದಿಂದ ಆಗುವ ನಷ್ಟ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಸರ್ಚ್ ಸರ್ವರ್‌ನ ವೇಗ ನಿಂತಿರುವುದು ಇಂಡೆಕ್ಸ್ ಮೆಮರಿಯಲ್ಲಿ ಹಿಡಿಯುತ್ತದೆಯೇ ಎಂಬುದರ ಮೇಲೆ, ಹಿಡಿಯದಿದ್ದರೆ ಕೆಳಗಿರುವ ಡಿಸ್ಕ್ ಎಂಥದ್ದು ಎಂಬುದರ ಮೇಲೆ. ಇವೆರಡನ್ನೂ ಸರಿಪಡಿಸದೆ ಯಂತ್ರ ಬದಲಿಸಿದರೆ ದುಡ್ಡು ಹೋಗುತ್ತದೆ, ದೂರು ಹಾಗೇ ಉಳಿಯುತ್ತದೆ.

ಮೊದಲು ಮೆಮರಿ ಲೆಕ್ಕ

ಸೋಲರ್, ಎಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್ ಹೆಸರು ಬೇರೆಬೇರೆಯಾದರೂ ಮೂರರ ಒಳಗೂ ಕೆಲಸ ಮಾಡುವುದು ಲೂಸೀನ್, 1999ರಲ್ಲಿ ಡಗ್ ಕಟಿಂಗ್ ಬರೆದ ಲೈಬ್ರರಿ. ಇಂಡೆಕ್ಸ್ ಫೈಲುಗಳನ್ನು ಲೂಸೀನ್ ತಾನೇ ಮೆಮರಿಗೆ ತುಂಬಿಕೊಳ್ಳುವುದಿಲ್ಲ. ಓದುವ ಕೆಲಸವನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಒಮ್ಮೆ ಓದಿದ ಪುಟಗಳನ್ನು ಲಿನಕ್ಸ್ ಖಾಲಿ ಮೆಮರಿಯಲ್ಲಿ ಇಟ್ಟುಕೊಂಡಿರುತ್ತದೆ. ಇದೇ ಪೇಜ್ ಕ್ಯಾಶ್. ಜಾವಾ ಹೀಪ್‌ಗೆ ಒಟ್ಟು ಮೆಮರಿಯ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ ಎಂದು ಎಲಾಸ್ಟಿಕ್‌ಸರ್ಚ್ ಕೈಪಿಡಿ ಹೇಳುವುದು ಇದಕ್ಕೇ: ಉಳಿದರ್ಧ ಪೇಜ್ ಕ್ಯಾಶ್‌ಗೆ ಬೇಕು. ಹೀಪ್ 32 ಜಿಬಿ ಗಡಿ ದಾಟಿದರೆ ಜಾವಾ ತನ್ನ ಪಾಯಿಂಟರ್‌ಗಳನ್ನು ಕುಗ್ಗಿಸಿಡಲಾರದು, ಹೆಚ್ಚು ಕೊಟ್ಟರೂ ಕಡಿಮೆ ಸಿಕ್ಕಂತಾಗುತ್ತದೆ.

ಈಗ ಅಂತರ ನೋಡಿ. ಮೆಮರಿಯಿಂದ ಒಂದು ತುಣುಕು ಓದಲು ಬೇಕಾಗುವುದು ಸುಮಾರು 100 ನ್ಯಾನೊಸೆಕೆಂಡ್. ಯಂತ್ರದೊಳಗೇ ಇರುವ ಎನ್‌ವಿಎಂಇ ಡಿಸ್ಕ್‌ನಿಂದಾದರೆ ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ಕ್ಲೌಡ್‌ನಲ್ಲಿ ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್‌ನಿಂದಾದರೆ ಒಂದು ಮಿಲಿಸೆಕೆಂಡ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು, ಅಂದರೆ ಹತ್ತು ಸಾವಿರ ಪಟ್ಟು. ಇದರ ಮುಂದೆ ವಿಎಂಗಳನ್ನು ನಡೆಸುವ ಹೈಪರ್‌ವೈಸರ್ ಸಿಪಿಯುವಿನಲ್ಲಿ ತಿನ್ನುವ ಶೇಕಡಾ ಕೆಲವು ಅಂಶ ಲೆಕ್ಕಕ್ಕೇ ಬರುವುದಿಲ್ಲ. 64 ಜಿಬಿ ಮೆಮರಿಯ ವಿಎಂನಲ್ಲಿ 24 ಜಿಬಿ ಹೀಪ್ ಕಳೆದು, ಸಿಸ್ಟಂನ ಖರ್ಚು ತೆಗೆದರೆ ಮೂವತ್ತೈದು ಜಿಬಿಯಷ್ಟು ಪೇಜ್ ಕ್ಯಾಶ್‌ಗೆ ಸಿಗಬಹುದು. ಇಂಡೆಕ್ಸ್ 30 ಜಿಬಿ ಇದ್ದರೆ ನೀವು ವಿಎಂ ಬಿಟ್ಟು ಏಳುವ ಅಗತ್ಯವೇ ಇಲ್ಲ. 300 ಜಿಬಿ ಇದ್ದು, ದಿನವಿಡೀ ಅದರ ಎಲ್ಲ ಮೂಲೆಗೂ ಹುಡುಕಾಟ ಬರುತ್ತಿದ್ದರೆ ಮುಂದಿನ ಮಾತುಗಳನ್ನು ಗಮನವಿಟ್ಟು ಓದಿ.

ಕನ್ನಡದ ಇಂಡೆಕ್ಸ್ ಏಕೆ ಊದಿಕೊಳ್ಳುತ್ತದೆ

ಕನ್ನಡದಲ್ಲಿ ಹುಡುಕಾಟ ಕೊಡುವವರು ಇದನ್ನು ಮೊದಲು ಪರೀಕ್ಷಿಸಬೇಕು. ಲೂಸೀನ್ ಜತೆಗೆ ಹಿಂದಿ, ಬಂಗಾಳಿಗೆಲ್ಲ ಸಿದ್ಧ ಭಾಷಾ ವಿಶ್ಲೇಷಕಗಳು ಬರುತ್ತವೆ. ಕನ್ನಡಕ್ಕೆಂದೇ ಬರೆದದ್ದು ಬರುವುದಿಲ್ಲ. ಮನೆ, ಮನೆಯಲ್ಲಿ, ಮನೆಗಳಿಂದ, ಮನೆಯವರಿಗೂ ಎಲ್ಲವೂ ಒಂದೇ ಮೂಲದವು ಎಂದು ಸರ್ವರ್‌ಗೆ ಹೇಳಿಕೊಡುವವರಿಲ್ಲದೆ, ಹೆಚ್ಚಿನ ತಂಡಗಳು ಪದವನ್ನು ಮೊದಲ ಅಕ್ಷರದಿಂದ ಹಿಡಿದು ತುಂಡುತುಂಡಾಗಿ ಇಂಡೆಕ್ಸ್ ಮಾಡುವ ಎಡ್ಜ್ ಎನ್-ಗ್ರಾಂ ದಾರಿ ಹಿಡಿಯುತ್ತವೆ.

‘ಮನೆಯಲ್ಲಿ’ ಎಂಬುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ನಾಲ್ಕು ಅಕ್ಷರ ಕಂಡರೂ ಯೂನಿಕೋಡ್‌ನಲ್ಲಿ ಅದು 8 ಸಂಕೇತ: ಮ, ನ, ಎತ್ವ, ಯ, ಲ, ವಿರಾಮ, ಮತ್ತೆ ಲ, ಗುಡಿಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 24. ಎರಡು ಸಂಕೇತದಿಂದ ಎಂಟರವರೆಗೆ ತುಂಡು ಮಾಡಿದರೆ ಒಂದು ಪದಕ್ಕೆ 7 ತುಂಡು. ಅದರಲ್ಲೊಂದು ವಿರಾಮದ ಹತ್ತಿರ ಕತ್ತರಿಸಿ ಯಾರೂ ಎಂದೂ ಟೈಪ್ ಮಾಡದ ಆಕಾರದಲ್ಲಿರುತ್ತದೆ. ಹೀಗೆ ಕಟ್ಟಿದ ಇಂಡೆಕ್ಸ್ ಮೂಲ ಪಠ್ಯಕ್ಕಿಂತ ಎಷ್ಟೋ ಪಟ್ಟು ಹಿಗ್ಗಿ, ಮೆಮರಿಯಲ್ಲಿ ಹಿಡಿಯಬೇಕಾದದ್ದು ಹಿಡಿಯದೆ, ಡಿಸ್ಕ್‌ಗೆ ಹೋಗುತ್ತದೆ. ಆಗ ಬೈಗುಳ ಬೀಳುವುದು ಪಾಪದ ವಿಎಂಗೆ.

ಬೇರೆ ದಾರಿ ಇದೆ ಎಂಬುದಕ್ಕೆ ‘ಅಲರ್’ ನಿಘಂಟು ಕಣ್ಣ ಮುಂದಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಪದಕೋಶ ಅದು. 1,50,000ಕ್ಕೂ ಹೆಚ್ಚು ಕನ್ನಡ ಪದಗಳು, 2,40,000ಕ್ಕೂ ಹೆಚ್ಚು ಅರ್ಥಗಳು. 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಕ್ಕಿತು. ಅದಕ್ಕೆ ತಂತ್ರಾಂಶ ಕಟ್ಟಿದವರು ಕೈಲಾಶ್ ನಾಧ್. ಅಲರ್‌ನ ಹುಡುಕಾಟ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಠ್ಯ ಹುಡುಕಾಟದ ಮೇಲೆ ಕಟ್ಟಿದ್ದು. ಉಚ್ಚಾರಣೆ ಹತ್ತಿರವಿರುವ ಪದಗಳು ಸಿಗುವಂತೆ ಕನ್ನಡಕ್ಕೆಂದೇ ಬರೆದ ಕೆಎನ್‌ಫೋನ್ ಎಂಬ ವಿಧಾನ ಪ್ರತಿ ಪದಕ್ಕೂ ಚಿಕ್ಕ ಧ್ವನಿ ಕೀಲಿಗಳನ್ನು ಮಾಡಿಕೊಡುತ್ತದೆ. ಹತ್ತಾರು ತುಂಡುಗಳ ಜಾಗದಲ್ಲಿ ಬೆರಳೆಣಿಕೆಯ ಕೀಲಿ. ಈ ಗಾತ್ರದ ಕೋಶ ಸಣ್ಣ ವಿಎಂನ ಮೆಮರಿಯಲ್ಲಿ ಸಲೀಸಾಗಿ ಕೂರುತ್ತದೆ. 20,000ಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಲು ಬಿಟ್ಟಿರುವ ‘ವಚನ ಸಂಚಯ’ದಂಥ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ. ಭಾಷೆಯನ್ನು ಬಲ್ಲವರನ್ನು ಒಂದು ವಾರ ಕೂರಿಸಿಕೊಂಡು ವಿಶ್ಲೇಷಕ ಸರಿಪಡಿಸಿದರೆ, ಹೊಸ ಸರ್ವರ್‌ಗೆ ಸುರಿಯಬೇಕಿದ್ದ ಹಣ ಎಷ್ಟೋ ಬಾರಿ ಉಳಿಯುತ್ತದೆ.

ವಿಎಂ ನಿಜಕ್ಕೂ ಕಚ್ಚುವ ಕಡೆಗಳು

ಇಷ್ಟೆಲ್ಲ ಹೇಳಿದ ಮೇಲೂ ವಿಎಂನಲ್ಲಿ ನೋವು ಕೊಡುವ ಜಾಗಗಳು ಇವೆ. ಅವು ಎಲ್ಲಿವೆ ಎಂದು ಗೊತ್ತಿದ್ದರೆ ಅರ್ಧ ಗೆದ್ದಂತೆ.

ಕ್ಲೌಡ್‌ನಲ್ಲಿ 16 ವಿಸಿಪಿಯು ಎಂದು ಕೊಟ್ಟದ್ದು ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ 8 ಕೋರ್‌ಗಳ 16 ಥ್ರೆಡ್. 16 ಕೋರ್‌ಗಳ ಸ್ವಂತ ಯಂತ್ರವನ್ನು (ನಡುವೆ ಹೈಪರ್‌ವೈಸರ್ ಇಲ್ಲದ ‘ಬೇರ್ ಮೆಟಲ್’) ಇದರ ಪಕ್ಕ ಇಟ್ಟು “ಬೇರ್ ಮೆಟಲ್ ಎರಡು ಪಟ್ಟು ವೇಗ” ಎಂದು ಸಾರುವುದು ತಪ್ಪು ತಕ್ಕಡಿ. ಅದು ಎರಡು ಪಟ್ಟು ದೊಡ್ಡ ಯಂತ್ರ, ಅಷ್ಟೇ.

ಸ್ಟೀಲ್ ಟೈಮ್ ಇನ್ನೊಂದು. ಲಿನಕ್ಸ್‌ನಲ್ಲಿ ‘ಟಾಪ್’ ಓಡಿಸಿದರೆ ಸಿಪಿಯು ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಕಾಣುತ್ತದೆ. ನಿಮ್ಮ ವಿಎಂ ಓಡಲು ಸಿದ್ಧವಿದ್ದರೂ ಹೈಪರ್‌ವೈಸರ್ ಬೇರೆಯವರಿಗೆ ಸಿಪಿಯು ಕೊಟ್ಟ ಸಮಯದ ಪಾಲು ಅದು. ಅದು ಸೊನ್ನೆಯ ಹತ್ತಿರ ಇರಬೇಕು. ಮಧ್ಯಾಹ್ನವೋ ರಾತ್ರಿಯೋ ಒಂದೇ ಹೊತ್ತಿಗೆ ದಿನವೂ ಏರುತ್ತಿದ್ದರೆ, ಅದೇ ಯಂತ್ರದಲ್ಲಿ ಇನ್ನೊಬ್ಬರ ದೊಡ್ಡ ಕೆಲಸ ಶುರುವಾಗುತ್ತಿದೆ ಎಂದು ತಿಳಿಯಬಹುದು. ಪ್ರೊಸೆಸರ್‌ನ ಎಲ್3 ಕ್ಯಾಶ್ ಮತ್ತು ಮೆಮರಿ ದಾರಿಯನ್ನೂ ನೆರೆಯವರು ತಿನ್ನುತ್ತಾರೆ, ಆದರೆ ಅದು ಈ ಅಂಕಿಯಲ್ಲಿ ಕಾಣುವುದಿಲ್ಲ. ಬಿಟಿಎಂನ ಅಪಾರ್ಟ್‌ಮೆಂಟ್‌ನಲ್ಲಿ ಬೆಳಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಮೇಲಿನ ಮನೆಗೆ ನೀರಿನ ಒತ್ತಡ ಕುಸಿಯುವಂತೆ, ಯಾರ ಮೀಟರ್‌ನಲ್ಲೂ ದೋಷ ತೋರದೆ ನಿಮ್ಮ ವೇಗ ಕುಗ್ಗುತ್ತದೆ.

ಮೆಮರಿ ವಿಳಾಸ ಹುಡುಕುವುದಕ್ಕೂ ವಿಎಂನಲ್ಲಿ ಖರ್ಚು ಜಾಸ್ತಿ. ನೇರ ಯಂತ್ರದಲ್ಲಿ ಪುಟದ ವಿಳಾಸ ಸಿಗದಿದ್ದರೆ ನಾಲ್ಕು ಬಾರಿ ಮೆಮರಿ ನೋಡಿದರೆ ಮುಗಿಯಿತು. ವಿಎಂನೊಳಗೆ ಅತಿಥಿಯ ಪಟ್ಟಿ, ಆತಿಥೇಯದ ಪಟ್ಟಿ ಎರಡನ್ನೂ ದಾಟಬೇಕಾಗಿ ಅದು 24ರವರೆಗೆ ಹೋಗಬಹುದು. ದೊಡ್ಡ ಹೀಪ್, ದೊಡ್ಡ ಇಂಡೆಕ್ಸ್ ಇಟ್ಟುಕೊಂಡು ಮೆಮರಿಯಲ್ಲೆಲ್ಲ ಜಿಗಿದಾಡುವ ಸರ್ಚ್ ಸರ್ವರ್‌ಗೆ ಇದು ತಾಕುತ್ತದೆ. ಆತಿಥೇಯದಲ್ಲಿ ಹ್ಯೂಜ್ ಪೇಜ್ ಹಾಕಿದರೆ ಬಹುಪಾಲು ಇಳಿಯುತ್ತದೆ. ಸ್ವಂತ ವಿಎಂವೇರ್ ಅಥವಾ ಕೆವಿಎಂ ನಡೆಸುವವರು ಇದನ್ನು ಮಾಡಿಸಿಕೊಳ್ಳಲೇಬೇಕು. ಅವರಿಗೆ ಇನ್ನೊಂದು ಎಚ್ಚರಿಕೆ: ಸರ್ಚ್ ವಿಎಂಗೆ ಮೆಮರಿಯನ್ನು ಪೂರ್ತಿ ಕಾಯ್ದಿರಿಸಿ. ಇಲ್ಲದಿದ್ದರೆ ಬಲೂನ್ ಡ್ರೈವರ್ ಮೆಮರಿ ಕಿತ್ತುಕೊಳ್ಳುತ್ತದೆ, ಪೇಜ್ ಕ್ಯಾಶ್ ಕರಗುತ್ತದೆ. ಹೀಪ್‌ನ ಭಾಗ ಸ್ವಾಪ್‌ಗೆ ಹೋದರಂತೂ ಜಾವಾದ ಕಸ ಗುಡಿಸುವ ಕೆಲಸ ಮಿಲಿಸೆಕೆಂಡ್‌ಗಳಿಂದ ಸೆಕೆಂಡ್‌ಗಳಿಗೆ ಜಾರಿ ಆ ನೋಡ್ ಗುಂಪಿನಿಂದಲೇ ಹೊರಬೀಳಬಹುದು.

ಆದರೂ ದೊಡ್ಡ ಪೆಟ್ಟು ಬೀಳುವುದು ಡಿಸ್ಕ್‌ನಲ್ಲೇ. ಅಮೆಜಾನ್‌ನ ಜಿಪಿ3 ಡಿಸ್ಕ್ ಮೂಲ ದರಕ್ಕೆ ಕೊಡುವುದು 3,000 ಐಒಪಿಎಸ್, ಸೆಕೆಂಡಿಗೆ 125 ಎಂಬಿ. ಎಲಾಸ್ಟಿಕ್‌ಸರ್ಚ್ ಸಣ್ಣ ಸೆಗ್ಮೆಂಟ್‌ಗಳನ್ನು ಬೆಸೆದು 5 ಜಿಬಿಯವರೆಗಿನ ದೊಡ್ಡದನ್ನು ಮಾಡುತ್ತಿರುತ್ತದೆ. ಆ 5 ಜಿಬಿಯನ್ನು ಬರೆಯುವುದಕ್ಕೇ ಈ ದರದಲ್ಲಿ 40 ಸೆಕೆಂಡ್ ಬೇಕು, ಓದುವುದು ಬೇರೆ. ಅಷ್ಟೂ ಹೊತ್ತು ಗ್ರಾಹಕರ ಹುಡುಕಾಟ ಅದೇ ಡಿಸ್ಕ್‌ಗಾಗಿ ಸರದಿಯಲ್ಲಿ ನಿಂತಿರುತ್ತದೆ. ಜತೆಗೆ, ಬಂದ ಪ್ರತಿ ಬರಹದ ಕೋರಿಕೆಗೂ ಎಲಾಸ್ಟಿಕ್‌ಸರ್ಚ್ ತನ್ನ ಲಾಗನ್ನು ಡಿಸ್ಕ್‌ಗೆ ಖಾತ್ರಿಪಡಿಸಿಕೊಂಡೇ ಉತ್ತರ ಕೊಡುವುದರಿಂದ, ಒಂದೊಂದೇ ದಾಖಲೆ ಕಳಿಸುವ ಆ್ಯಪ್ ನೆಟ್‌ವರ್ಕ್ ಡಿಸ್ಕ್ ಮೇಲೆ ತೆವಳುತ್ತದೆ. ಕಂತು ಕಂತಾಗಿ ಒಟ್ಟಿಗೆ ಕಳಿಸಿ. ಡಿಸ್ಕ್‌ನ ಐಒಪಿಎಸ್ ಏರಿಸಿ ಅಥವಾ ಒಳಗೇ ಎನ್‌ವಿಎಂಇ ಇರುವ ವಿಎಂ ಮಾದರಿ ತೆಗೆದುಕೊಳ್ಳಿ. ಆ ಎನ್‌ವಿಎಂಇಯಲ್ಲಿರುವುದು ವಿಎಂ ನಿಲ್ಲಿಸಿದೊಡನೆ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ರೆಪ್ಲಿಕಾ ಮತ್ತು ಬ್ಯಾಕಪ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಕೊನೆಯದು, ನೋಡಿದವರಿಗೇ ಗೊತ್ತಾಗುವ ಬಲೆ. ಮೂರು ನೋಡ್‌ಗಳ ಗುಂಪು ಕಟ್ಟಿ ನಿಶ್ಚಿಂತೆಯಿಂದ ಇರುತ್ತಾರೆ, ಆ ಮೂರೂ ವಿಎಂಗಳು ಒಂದೇ ಭೌತಿಕ ಯಂತ್ರದ ಮೇಲೆ ಕೂತಿರುತ್ತವೆ. ಅದು ಮಲಗಿದರೆ ಮೂರೂ ಮಲಗುತ್ತವೆ. ವಿಎಂಗಳನ್ನು ಬೇರೆ ಬೇರೆ ಆತಿಥೇಯಗಳಿಗೆ ಕಡ್ಡಾಯವಾಗಿ ಹಂಚುವ ನಿಯಮವನ್ನು ಮೊದಲ ದಿನವೇ ಹಾಕಿಸಿ.

ಸ್ವಂತ ಯಂತ್ರದ ಪಾಡು

ಬೇರ್ ಮೆಟಲ್ ತೆಗೆದುಕೊಂಡವರು ಪೆಟ್ಟಿಗೆಯಿಂದ ತೆಗೆದ ಹಾಗೇ ಓಡಿಸಿ ನಿರಾಶರಾಗುವುದುಂಟು. ಬಯಾಸ್‌ನಲ್ಲಿ ವಿದ್ಯುತ್ ಉಳಿಸುವ ಸೆಟ್ಟಿಂಗ್ ಇರುತ್ತದೆ, ಸಿಪಿಯು ಗವರ್ನರ್ ‘ಪವರ್‌ಸೇವ್’ನಲ್ಲಿ ಇರುತ್ತದೆ. ಸರ್ಚ್‌ನಂಥ ಚಿಕ್ಕಚಿಕ್ಕ ಕೋರಿಕೆಗಳ ಕೆಲಸದಲ್ಲಿ ಪ್ರೊಸೆಸರ್ ಪ್ರತಿ ಸಲ ನಿದ್ದೆಯಿಂದ ಏಳಬೇಕು. ಆ ಎರಡು ಸೆಟ್ಟಿಂಗ್‌ಗಳನ್ನೂ ‘ಪರ್ಫಾರ್ಮೆನ್ಸ್’ಗೆ ಬದಲಿಸಿ. ಎರಡು ಸಾಕೆಟ್‌ನ ಯಂತ್ರದಲ್ಲಿ ಒಂದು ಸಾಕೆಟ್‌ನ ಕೋರ್ ಇನ್ನೊಂದರ ಮೆಮರಿಗೆ ಹೋದರೆ ವಿಳಂಬ ಹೆಚ್ಚು. ನೋಡ್‌ಗಳನ್ನು ಸಾಕೆಟ್‌ಗೆ ಕಟ್ಟಿಹಾಕುವುದನ್ನು ಕಲಿಯಬೇಕು. 512 ಜಿಬಿ ಮೆಮರಿ ಇದ್ದರೂ ಹೀಪ್ 32ರ ಗಡಿ ದಾಟುವಂತಿಲ್ಲವಾದ್ದರಿಂದ, ಒಂದೇ ಯಂತ್ರದಲ್ಲಿ ಎರಡು ಮೂರು ನೋಡ್ ಓಡಿಸುವುದು ವಾಡಿಕೆ. ಆಗ ಇಂಡೆಕ್ಸ್‌ನ ಒಂದು ತುಂಡು (ಶಾರ್ಡ್) ಮತ್ತು ಅದರ ರೆಪ್ಲಿಕಾ ಒಂದೇ ಯಂತ್ರದಲ್ಲಿ ಬೀಳದಂತೆ ಎಲಾಸ್ಟಿಕ್‌ಸರ್ಚ್‌ನ ‘ಸೇಮ್ ಶಾರ್ಡ್ ಹೋಸ್ಟ್’ ಸೆಟ್ಟಿಂಗ್ ಹಾಕಬೇಕು, ತಾನಾಗಿ ಅದು ಇರುವುದಿಲ್ಲ.

ಜಯನಗರದ ಕಚೇರಿಯ ಸ್ಟೋರ್ ರೂಮಿನಲ್ಲಿ ಸರ್ವರ್ ಇಟ್ಟು ಗ್ರಾಹಕರಿಗೆ ಸೇವೆ ಕೊಡುವ ಯೋಚನೆ ಬೇಡ. ತಂಪಿನ ಊರು ಎಂದು ನಾವು ಹೆಮ್ಮೆಪಡುವ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ. ಎಸಿ ಕೈಕೊಟ್ಟ ಮುಚ್ಚಿದ ಕೋಣೆಯಲ್ಲಿ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ, ನಿಮಗೆ ಸಿಗುವುದು ವಿಎಂಗಿಂತ ನಿಧಾನದ ಬೇರ್ ಮೆಟಲ್. ಬೆಸ್ಕಾಂ ವಿದ್ಯುತ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ, ರಸ್ತೆ ಅಗೆತದಲ್ಲಿ ಫೈಬರ್ ತುಂಡಾದರೆ ಎರಡನೇ ಲೈನ್ ಯಾವುದು ಎಂಬ ಪ್ರಶ್ನೆಗಳು ಬೇರೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರ್‌ಗಳಲ್ಲಿ ರಾಕ್ ಬಾಡಿಗೆಗೆ ಸಿಗುತ್ತದೆ, ಅಲ್ಲಿಡಿ. ಎಸ್.ಪಿ. ರಸ್ತೆಯಲ್ಲಿ ಸಿಗುವ ಹಳೇ ಸರ್ವರ್‌ಗಳು ಪರೀಕ್ಷೆಗೆ ಬಲು ಒಳ್ಳೆಯವು. ಕಚೇರಿಯಲ್ಲಿ ಒಂದನ್ನು ಇಟ್ಟುಕೊಂಡು ಬೇಕಾದಂತೆ ಹಿಂಡಿ ನೋಡಬಹುದು, ಗ್ರಾಹಕರ ಕೆಲಸಕ್ಕೆ ಮಾತ್ರ ಹಚ್ಚಬೇಡಿ.

ಸರಾಸರಿಯನ್ನು ನಂಬಬೇಡಿ

2013ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ ಪ್ರಕಟಿಸಿದ ಲೇಖನವೊಂದರ ಲೆಕ್ಕ ಇಲ್ಲಿ ಬಹಳ ಮುಖ್ಯ. ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ತಡಮಾಡುತ್ತದೆ ಎನ್ನಿ. ಒಂದು ಹುಡುಕಾಟ 5 ಶಾರ್ಡ್‌ಗಳಿಗೆ ಹೋಗಿ ಎಲ್ಲವುಗಳ ಉತ್ತರಕ್ಕೂ ಕಾಯಬೇಕಾದರೆ, ತಡವಾಗುವ ಹುಡುಕಾಟಗಳು ಶೇ 5ರ ಹತ್ತಿರ. 20 ಶಾರ್ಡ್ ಆದರೆ ಶೇ 18. ನೂರಾದರೆ ಶೇ 63. ಸ್ಟೀಲ್ ಟೈಮ್, ನೆರೆಯವರ ಗದ್ದಲ ಎಲ್ಲ ಸರಾಸರಿಯಲ್ಲಿ ಮುಳುಗಿಹೋಗಿ, ತಡವಾದ ಹುಡುಕಾಟಗಳ ಈ ಬಾಲದಲ್ಲಿ ಕಾಣಿಸಿಕೊಳ್ಳುತ್ತವೆ. ಬೇರ್ ಮೆಟಲ್‌ನ ನಿಜವಾದ ಗೆಲುವು ಇರುವುದೂ ಇಲ್ಲೇ: ಸರಾಸರಿ ವೇಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಏರಿಳಿತ ಕಡಿಮೆ. ಹಾಗೆಂದು, 10 ಜಿಬಿ ಇಂಡೆಕ್ಸ್‌ಗೆ 20 ಶಾರ್ಡ್ ಮಾಡಿಟ್ಟವರು ಮೊದಲು ಅದನ್ನು ಒಂದಕ್ಕೆ ಇಳಿಸಲಿ. ಬಾಲ ತಾನಾಗಿ ಮೊಟಕಾಗುತ್ತದೆ.

ಮತ್ತೊಂದು ಲೆಕ್ಕವನ್ನೂ ಪಕ್ಕದಲ್ಲಿಡಿ. ಅಮೆಜಾನ್ 2016ರಲ್ಲಿ ಮುಂಬೈನಲ್ಲಿ ತನ್ನ ಕೇಂದ್ರ ತೆರೆಯಿತು, ಇಲ್ಲಿನ ಬಹಳಷ್ಟು ಕಂಪನಿಗಳ ಸರ್ವರ್ ಇರುವುದು ಅಲ್ಲೇ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು, ನಡುವಿನ ರೂಟರ್‌ಗಳದ್ದು ಸೇರಿದರೆ ಇನ್ನೂ ಹೆಚ್ಚು. ಪ್ರತಿ ಅಕ್ಷರ ಒತ್ತಿದಾಗಲೂ ಸಲಹೆ ತೋರಿಸುವ ಹುಡುಕಾಟ ನಿಮ್ಮದಾದರೆ, ಬನಶಂಕರಿಯ ಗ್ರಾಹಕರಿಗೆ ಈ ದೂರ ತಾಕುವಷ್ಟು ಹೈಪರ್‌ವೈಸರ್ ತಾಕುವುದಿಲ್ಲ.

ಅಳೆಯುವುದು ಹೀಗೆ

ಸ್ವಂತ ಗ್ರಾಹಕರ ಕಳೆದ ವಾರದ ಹುಡುಕಾಟದ ಲಾಗ್ ತೆಗೆದುಕೊಳ್ಳಿ, ಹೆಸರು ಫೋನ್ ನಂಬರ್ ಅಳಿಸಿ. ಎಲಾಸ್ಟಿಕ್‌ನವರದೇ ‘ರ‍್ಯಾಲಿ’ ಎಂಬ ಉಚಿತ ಸಾಧನದಲ್ಲಿ ಅದನ್ನು ಓಡಿಸಬಹುದು. ಒಂದು ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆ ಕಳಿಸುವ ಪರೀಕ್ಷೆ ಬೇಡ. ಸರ್ವರ್ ಎರಡು ಸೆಕೆಂಡ್ ಸ್ತಬ್ಧವಾದರೆ ಆ ಪರೀಕ್ಷೆಯೂ ಜತೆಗೇ ಸುಮ್ಮನಾಗಿ ದೋಷ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಇಷ್ಟು ಎಂದು ನಿಗದಿ ಮಾಡಿ, ಉತ್ತರ ಬರಲಿ ಬಿಡಲಿ ಕಳಿಸುತ್ತಲೇ ಇರಬೇಕು. ಹುಡುಕಾಟದ ಜತೆಗೇ ಇಂಡೆಕ್ಸಿಂಗ್ ಕೂಡ ನಡೆಯುತ್ತಿರಲಿ, ಹಗಲಿನಲ್ಲಿ ನಿಮ್ಮ ಸರ್ವರ್ ಹಾಗೆಯೇ ಇರುತ್ತದಲ್ಲ. ಕ್ಯಾಶ್ ಬೆಚ್ಚಗಾದ ಮೇಲಿನದ್ದನ್ನೂ, ಕ್ಯಾಶ್ ಖಾಲಿ ಮಾಡಿ ಶುರು ಮಾಡಿದಾಗಿನದ್ದನ್ನೂ ಬೇರೆಬೇರೆ ಬರೆದಿಡಿ. ಅವೆರಡರ ನಡುವಿನ ಅಂತರ ದೊಡ್ಡದಿದ್ದರೆ ನಿಮ್ಮ ಸಮಸ್ಯೆ ಮೆಮರಿ ಅಥವಾ ಡಿಸ್ಕ್. ವಿಎಂನಲ್ಲಿ ಕನಿಷ್ಠ ಒಂದು ಇಡೀ ದಿನ ಓಡಿಸಿ, ನೆರೆಯವರ ಹೊತ್ತುಗೊತ್ತು ಆಗ ಮಾತ್ರ ಕಾಣುತ್ತದೆ. ನೋಡಬೇಕಾದ ಅಂಕಿ ನೂರರಲ್ಲಿ ತೊಂಬತ್ತೊಂಬತ್ತು ಹುಡುಕಾಟಗಳು ಎಷ್ಟರೊಳಗೆ ಮುಗಿದವು ಎಂಬುದು.

ಹೋಲಿಕೆಗೆ ಯಂತ್ರ ಕೊಳ್ಳಬೇಕಾಗಿಲ್ಲ. 2017ರ ಕೊನೆಯಿಂದ ಅಮೆಜಾನ್ ಬೇರ್ ಮೆಟಲ್ ಯಂತ್ರಗಳನ್ನೂ ಬಾಡಿಗೆಗೆ ಕೊಡುತ್ತಿದೆ. ಅದೇ ಕುಟುಂಬದ ವಿಎಂ ಮತ್ತು ಮೆಟಲ್ ಎರಡನ್ನೂ ಹಿಡಿದು, ಥ್ರೆಡ್‌ಗಳ ಸಂಖ್ಯೆ ಸಮ ಮಾಡಿ ಓಡಿಸಿ. ಡಿಸ್ಕ್, ನೆಟ್‌ವರ್ಕ್ ಕೆಲಸವನ್ನು ಬೇರೆ ಕಾರ್ಡ್‌ಗಳಿಗೆ ವಹಿಸುವ ಈಚಿನ ನೈಟ್ರೊ ಮಾದರಿಯ ವಿಎಂಗಳಲ್ಲಿ ವ್ಯತ್ಯಾಸ ಸಣ್ಣದಾಗಿರುವ ಸಾಧ್ಯತೆಯೇ ಹೆಚ್ಚು.

ಯಾರಿಗೆ ಯಾವುದು

ಕನ್ನಡ ವಿಕಿಪೀಡಿಯದಲ್ಲಿ ನೀವು ಏನನ್ನಾದರೂ ಹುಡುಕಿದರೆ ಆ ಕೋರಿಕೆ ಹೋಗುವುದು ಬೇರ್ ಮೆಟಲ್‌ಗೆ. ವಿಕಿಮೀಡಿಯ ಫೌಂಡೇಶನ್ ಅಮೆರಿಕದ ಆ್ಯಶ್‌ಬರ್ನ್ ಮತ್ತು ಕ್ಯಾರೊಲ್ಟನ್‌ನಲ್ಲಿ ಸ್ವಂತ ಸರ್ವರ್‌ಗಳ ಮೇಲೆ ತನ್ನ ಹುಡುಕಾಟ ವ್ಯವಸ್ಥೆ ಸಿರಸ್‌ಸರ್ಚ್ ನಡೆಸುತ್ತದೆ. ನೂರಾರು ಭಾಷೆ, ಹಗಲಿರುಳು ತಗ್ಗದ ಲೋಡ್, ಯಂತ್ರ ನೋಡಿಕೊಳ್ಳುವ ಪಳಗಿದ ತಂಡ ಅವರಿಗಿದೆ. ಜೆ.ಪಿ. ನಗರದ ಷೇರು ಬ್ರೋಕರ್ ಕಂಪನಿ ಜೆರೋಧಾ ಕ್ಲೌಡ್ ಮತ್ತು ಭೌತಿಕ ರಾಕ್ ಎರಡನ್ನೂ ಬಳಸುತ್ತದೆ. ಷೇರು ವಿನಿಮಯ ಕೇಂದ್ರಗಳ ಲೀಸ್ಡ್ ಲೈನ್ ಬಂದು ಸೇರುವುದು ರಾಕ್‌ಗೇ ಆದ್ದರಿಂದ ಅದು ಅನಿವಾರ್ಯ. ಅದೇ ಕಂಪನಿ ತನ್ನ ಲಾಗ್‌ಗಳನ್ನು ಎಲಾಸ್ಟಿಕ್‌ಸರ್ಚ್‌ನಿಂದ ಕ್ಲಿಕ್‌ಹೌಸ್ ಡೇಟಾಬೇಸ್‌ಗೆ ಸಾಗಿಸಿದ್ದು ನನಗೆ ಹೆಚ್ಚು ಕಲಿಸುವ ಸಂಗತಿ: ಲಾಗ್‌ಗೆ ಸರ್ಚ್ ಸರ್ವರೇ ಬೇಕೇ ಎಂದು ಕೇಳಿಕೊಂಡರೆ, ವಿಎಂ–ಮೆಟಲ್ ಪ್ರಶ್ನೆಯೇ ಎದ್ದುಹೋಗಬಹುದು.

ಇಂಡೆಕ್ಸ್ ಮೆಮರಿಯಲ್ಲಿ ಹಿಡಿಯುವವರು, ಹಬ್ಬದ ವಾರ ಮಾತ್ರ ಲೋಡ್ ಏರುವವರು, ರಾತ್ರಿ ಎರಡಕ್ಕೆ ಡಿಸ್ಕ್ ಬದಲಿಸಲು ಹೋಗುವವರಿಲ್ಲದವರು ವಿಎಂನಲ್ಲೇ ಇರಲಿ. ನೂರಾರು ಜಿಬಿ ಇಂಡೆಕ್ಸ್, ವರ್ಷವಿಡೀ ಒಂದೇ ಮಟ್ಟದ ಲೋಡ್, ವಿಳಂಬಕ್ಕೆ ಒಪ್ಪಂದದಲ್ಲೇ ಮಿತಿ ಇರುವವರು ಮೆಟಲ್‌ಗೆ ಹೋಗಲಿ, ಮೂರು ಯಂತ್ರಕ್ಕೆ ಕಡಿಮೆಯಿಲ್ಲದೆ. ಡೇಟಾ ಸೆಂಟರ್‌ನವರ ಹತ್ತಿರ ಸಹಿ ಹಾಕುವ ಮೊದಲು ಕೆಲವನ್ನು ಬರವಣಿಗೆಯಲ್ಲಿ ಪಡೆಯಿರಿ: ಕೆಟ್ಟ ಡಿಸ್ಕ್ ಎಷ್ಟು ಗಂಟೆಯಲ್ಲಿ ಬದಲಾಗುತ್ತದೆ, ಅದಕ್ಕೆ ಬೇಕಾದ ಬಿಡಿಭಾಗ ಬೆಂಗಳೂರಿನಲ್ಲೇ ಇದೆಯೇ, ಭಾನುವಾರ ಫೋನ್ ಎತ್ತುವವರು ಯಾರು, ಮೂರೂ ಯಂತ್ರಗಳು ಬೇರೆಬೇರೆ ವಿದ್ಯುತ್ ಫೀಡ್‌ನಲ್ಲಿವೆಯೇ, ನಾಲ್ಕನೆಯ ಯಂತ್ರ ಬೇಕೆಂದರೆ ಎಷ್ಟು ದಿನ ಹಿಡಿಯುತ್ತದೆ.